ಮಾಂಗೋನಾ, ಕಸಾಂಡ್ರಾನಾ ಅಂತ ಕೇಳೋ ಮೊದಲು

ಶಿವಮೊಗ್ಗದಲ್ಲೇ ಕೂತು ಡೇಟಾಬೇಸ್ ಕೆಲಸ ಮಾಡುತ್ತೇನೆ ಅಂತ ಗೊತ್ತಾದ ಮೇಲೆ ಹುಡುಗರು ಮೆಸೇಜ್ ಹಾಕಿ ಕೇಳುವುದು ಒಂದೇ ಪ್ರಶ್ನೆ. ಡೇಟಾ ಸಿಕ್ಕಾಪಟ್ಟೆ ಇದೆ, ಮಾಂಗೋಡಿಬಿ ಹಾಕ್ಲಾ, ಕಸಾಂಡ್ರಾ ಹಾಕ್ಲಾ? ಎರಡೂ ಡೇಟಾವನ್ನು ಹಲವು ಮೆಷಿನ್‌ಗಳಿಗೆ ಹಂಚಿ ಇಡಬಲ್ಲ ಡೇಟಾಬೇಸ್‌ಗಳು. ಆ ಡೇಟಾದಿಂದ ನಿಮಗೆ ಏನು ಬೇಕು ಅಂತ ತಿರುಗಿ ಕೇಳಿದರೆ ಮಾತಿಲ್ಲ. ಎಡವಟ್ಟು ಶುರುವಾಗುವುದೇ ಅಲ್ಲಿ.

ನಮ್ಮ ಕಡೆಯದೇ ಉದಾಹರಣೆ ತಗೊಳ್ಳಿ. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಸುತ್ತಿನ ಅಡಿಕೆ ತೋಟಗಳಲ್ಲಿ 500 ಮಳೆ ಮಾಪಕ ಇಟ್ಟಿದ್ದೀರಿ ಅಂದ್ಕೊಳ್ಳಿ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ದಿನದಿಂದ ತೋಟಕ್ಕೆ ಎಷ್ಟು ಮಳೆ ಬಿತ್ತು ಅಂತ ಬೆಳೆಗಾರರಿಗೆ ತೋರಿಸಬೇಕು. ಒಂದೊಂದು ಮಾಪಕವೂ ನಿಮಿಷಕ್ಕೊಮ್ಮೆ ಅಂಕಿ ಕಳಿಸಿದರೆ ದಿನಕ್ಕೆ 7,20,000 ಸಾಲು, ವರ್ಷಕ್ಕೆ 26 ಕೋಟಿ ಚಿಲ್ಲರೆ. ಕೇಳಿದರೆ ಎದೆ ಝಲ್ ಅನ್ನುತ್ತೆ. ಆದರೆ ಸಾಲಿಗೆ 50 ಬೈಟ್ ಹಿಡಿದರೆ ಒಟ್ಟು 13 ಜಿಬಿ, ಅಷ್ಟೇ. ಫೋನಿನ ಮೆಮೊರಿ ಕಾರ್ಡಿನಲ್ಲಿ ಹಿಡಿಯುತ್ತೆ ಮಾರಾಯ್ರೇ! ಇಷ್ಟಕ್ಕೆ ಒಂದು ಸರ್ವರ್, ಅದರಲ್ಲಿ ಪೋಸ್ಟ್‌ಗ್ರೆಸ್ ಅನ್ನುವ ಮಾಮೂಲಿ ಡೇಟಾಬೇಸ್, ಧಾರಾಳ ಸಾಕು.

ಮಾಪಕ 500 ಅಲ್ಲ, ರಾಜ್ಯದ ತುಂಬ ಲಕ್ಷಗಟ್ಟಲೆ, ಒಂದು ಮೆಷಿನ್ ಸತ್ತರೂ ಬರೆಯುವುದು ನಿಲ್ಲಬಾರದು ಅಂತಾದರೆ ಕಥೆ ಬೇರೆ. ಆಗ ನಾನು ಕಸಾಂಡ್ರಾ ಪರ. ಫೇಸ್‌ಬುಕ್‌ನಲ್ಲಿ ಹುಟ್ಟಿ 2008ರಲ್ಲಿ ಹೊರಬಂದ ಇದರಲ್ಲಿ ಯಜಮಾನ ಮೆಷಿನ್ ಅಂತ ಇಲ್ಲ, ಎಲ್ಲವೂ ಸಮ. ಒಂದೊಂದು ಸಾಲಿಗೂ ಮೂರು ಮೆಷಿನ್‌ನಲ್ಲಿ ಪ್ರತಿ ಇಟ್ಟು ಕ್ವೋರಮ್, ಅಂದರೆ ಬಹುಮತ, ಕೇಳಿದರೆ, ಎರಡು ಮೆಷಿನ್ ಹೂಂ ಅಂದರೆ ಸಾಕು. ಮಾಂಗೋದಲ್ಲಿ ಪ್ರತಿಗಳ ಒಂದೊಂದು ಗುಂಪಿನಲ್ಲೂ ಬರಹವೆಲ್ಲ ಪ್ರೈಮರಿ ಅನ್ನುವ ಒಂದು ಯಜಮಾನ ಮೆಷಿನ್ ಮೂಲಕವೇ ಹೋಗಬೇಕು, ಅದು ಬಿದ್ದರೆ ಇನ್ನೊಂದು ಆಯ್ಕೆಯಾಗುವ ತನಕ ಕೆಲವು ಸೆಕೆಂಡ್ ತಡೆ.

ಅದಕ್ಕಿಂತ ಮುಖ್ಯ ನಮ್ಮ ಮಳೆಗಾಲ. ಜುಲೈನಲ್ಲಿ ಕರೆಂಟ್ ಹೋಗಿ ಟವರ್ ಮಲಗಿದರೆ ಮಾಪಕ ಅಂಕಿಗಳನ್ನು ತನ್ನಲ್ಲೇ ಇಟ್ಟುಕೊಂಡು, ಸಿಗ್ನಲ್ ಬಂದಾಗ ಒಟ್ಟಿಗೆ ಕಳಿಸುತ್ತೆ. ಸ್ವೀಕರಿಸಿದೆ ಅನ್ನುವ ಉತ್ತರ ದಾರಿಯಲ್ಲೇ ಕಳೆದುಹೋದರೆ ಅದನ್ನೇ ಮತ್ತೆ ಕಳಿಸುತ್ತೆ. ಕಸಾಂಡ್ರಾದಲ್ಲಿ ಮಾಪಕದ ನಂಬರ್ ಮತ್ತು ತಿಂಗಳನ್ನು ಪಾರ್ಟಿಷನ್ ಕೀ (ಸಾಲು ಯಾವ ಮೆಷಿನ್‌ಗೆ ಹೋಗಬೇಕು ಅಂತ ಹೇಳುವ ಗುರುತು) ಮಾಡಿ, ಸಮಯವನ್ನು ಕ್ಲಸ್ಟರಿಂಗ್ ಕಾಲಂ (ಅಲ್ಲಿ ಸಾಲುಗಳನ್ನು ಕ್ರಮವಾಗಿ ಜೋಡಿಸುವ ಕಾಲಂ) ಮಾಡಿದರೆ, ಅದೇ ಸಾಲು ಎಷ್ಟು ಸಲ ಬಂದರೂ ಒಂದರ ಮೇಲೊಂದು ಕೂತು ಒಂದೇ ಆಗುತ್ತೆ. ತಡವಾಗಿ ಬಂದಿದ್ದು ಓದುವಾಗ ಸಮಯದ ಜಾಗದಲ್ಲೇ ಸಿಗುತ್ತೆ. ಮಾಂಗೋದಲ್ಲೂ 2021ರಿಂದ ಇಂಥ ಸಮಯದ ಅಂಕಿಗಳಿಗೇ ಅಂತ ಟೈಮ್ ಸೀರೀಸ್ ಕಲೆಕ್ಷನ್ ಇದೆ, ಚೆನ್ನಾಗೂ ಇದೆ, ಆದರೆ ಅದೇ ಸಾಲು ಎರಡನೇ ಸಲ ಸೇರದಂತೆ ತಡೆಯುವ ಯೂನಿಕ್ ಇಂಡೆಕ್ಸ್ ಅದರಲ್ಲಿ ಹಾಕಲು ಬರುವುದಿಲ್ಲ. ಒಂದೇ ಮಳೆಯನ್ನು ಎರಡು ಸಲ ಕೂಡಿಸಿ ತೋರಿಸಿದರೆ ಬೆಳೆಗಾರರು ಬಿಡ್ತಾರಾ?

ಹಾಗಂತ ಕಸಾಂಡ್ರಾ ಏನು ಕೇಳಿದರೂ ಹೇಳುತ್ತೆ ಅಂತಲ್ಲ. "ಇವತ್ತು ತಾಲೂಕಿನಲ್ಲಿ 100 ಮಿಮೀ ದಾಟಿದ್ದು ಎಲ್ಲೆಲ್ಲಿ" ಅಂದರೆ, ಮಾಪಕದ ನಂಬರ್ ಹಿಡಿದೇ ಹುಡುಕುವ ಮೇಲಿನ ಟೇಬಲ್ ಕೈ ಚೆಲ್ಲುತ್ತೆ. ಅದಕ್ಕೆ ಅದೇ ಡೇಟಾ ಇಟ್ಟ ಇನ್ನೊಂದು ಟೇಬಲ್ ಬೇಕು. ಕೇಳುವ ಪ್ರಶ್ನೆ ದಿನಾ ಬದಲಾಗುತ್ತೆ ಅನ್ನುವವರು ದಯವಿಟ್ಟು ಇತ್ತ ಬರಬೇಡಿ.

ಎಪಿಎಂಸಿಗೆ ಬರುವ ಅಡಿಕೆ ಲಾಟುಗಳದು ಪೂರ್ತಿ ಬೇರೆ ವಿಷಯ. ರಾಶಿ, ಬೆಟ್ಟೆ, ಸರಕು, ಗೊರಬಲು, ಒಂದೊಂದರದೂ ಒಂದೊಂದು ವಿವರ, ಹುಡುಕುವವರೂ ಹತ್ತು ಥರ ಹುಡುಕುತ್ತಾರೆ. ಒಂದೊಂದು ದಾಖಲೆಗೂ ಬೇರೆ ಬೇರೆ ವಿವರ ಇಡಲು ಬಿಡುವ ಮಾಂಗೋ ಅಲ್ಲಿ ಹಾಯಾಗಿ ಕೆಲಸ ಮಾಡುತ್ತೆ. ಇಂಥದೇ ಇನ್ನೊಂದು ಡೇಟಾಬೇಸ್ ಎಚ್‌ಬೇಸ್? ಅದು ಕೂರುವ ಹಡೂಪ್ ವ್ಯವಸ್ಥೆ ಮೊದಲೇ ಇದ್ದರೆ ಸರಿ, ಸುಮ್ನೆ ಇದಕ್ಕೋಸ್ಕರ ಫೈಲ್ ಇಡಲು ಎಚ್‌ಡಿಎಫ್‌ಎಸ್, ಮೆಷಿನ್‌ಗಳನ್ನು ಹೊಂದಿಸಲು ಜೂಕೀಪರ್ ಎಲ್ಲ ಸಾಕುವುದು ಯಾರಿಗೆ ಬೇಕು.

ದೊಡ್ಡವರು ಬಳಸುತ್ತಾರೆ ಅನ್ನುವ ವಾದ ನನಗೆ ಹಿಡಿಸುವುದಿಲ್ಲ. ಚಾಟ್ ಆ್ಯಪ್ ಡಿಸ್ಕಾರ್ಡ್ ಮಾಂಗೋದಿಂದ ಕಸಾಂಡ್ರಾಗೆ ಹೋಯಿತು, 177 ನೋಡ್ (ಮೆಷಿನ್) ತನಕ ಬೆಳೆಸಿ, 2022ರಲ್ಲಿ ಸಿಲ್ಲಾಡಿಬಿ ಅನ್ನುವ ಇನ್ನೊಂದು ಡೇಟಾಬೇಸ್‌ಗೆ ಹೋಯಿತು. ಅವರ ಕಷ್ಟ ಅವರದು.

ಇನ್ನೊಂದು. ಕಸಾಂಡ್ರಾದಲ್ಲಿ ಅಳಿಸಿದ್ದು ತಕ್ಷಣ ಹೋಗುವುದಿಲ್ಲ, ಟೂಂಬ್‌ಸ್ಟೋನ್ ಅನ್ನುವ ಗುರುತು ಬೀಳುತ್ತೆ. ಆ ಗುರುತಿಗೆ ಮಾಮೂಲಿ ಗಡುವು 10 ದಿನ. ಅಷ್ಟರೊಳಗೆ ಪ್ರತಿಗಳನ್ನು ತಾಳೆ ನೋಡಿ ಸರಿಮಾಡುವ ರಿಪೇರಿ ಓಡಿಸದಿದ್ದರೆ, ಅಳಿಸುವ ಹೊತ್ತಿಗೆ ಕೆಟ್ಟು ಮಲಗಿದ್ದ ನೋಡ್‌ನಿಂದ ಅಳಿಸಿದ ಸಾಲು ಮತ್ತೆ ಎದ್ದು ಬರಬಹುದು. ನಿಮ್ಮ ಟೀಮಿನಲ್ಲಿ ಇದನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಒಬ್ಬರ ಹೆಸರು ಹೇಳಲು ಆಗದಿದ್ದರೆ, ಡೇಟಾಬೇಸನ್ನು ಬೇರೆಯವರೇ ನೋಡಿಕೊಳ್ಳುವ ಮ್ಯಾನೇಜ್ಡ್ ಸರ್ವಿಸ್ ದುಡ್ಡು ಕೊಟ್ಟು ತಗೊಳ್ಳಿ, ಇಲ್ಲಾ ಪೋಸ್ಟ್‌ಗ್ರೆಸ್‌ನಲ್ಲೇ ಇರಿ.