ಫಾರ್ಮ್ಯಾಟ್ ಹೊಡೆಯೋಕೆ ಮುಂಚೆ ಒಂದು ನೆಟ್‌ಸ್ಟಾಟ್ ಹೊಡೀರಿ

ಮೈಸೂರಿನ ಸಂತೇಪೇಟೆಯ ಹೋಲ್‌ಸೇಲ್ ಅಂಗಡಿಯಾಗಲಿ, ಮಂಡ್ಯದ ಬೆಲ್ಲದ ಮಂಡಿಯಾಗಲಿ, ಬಿಲ್ಲಿಂಗ್ ಕಂಪ್ಯೂಟರು ಸರ್ವರಿಗೆ ಕನೆಕ್ಟ್ ಆಗಲಿಲ್ಲ ಅಂದ್ರೆ ರಿಪೇರಿಗೆ ಬಂದ ಹುಡುಗ ಹೇಳೋದು ಮೂರೇ ಮಾತು. "ರೂಟರ್ ಆಫ್ ಮಾಡಿ ಆನ್ ಮಾಡಿ ಸಾರ್." ಆಗಲಿಲ್ವಾ? "ಆಂಟಿವೈರಸ್ ತೆಗೀಬೇಕು ಸಾರ್." ಅದಕ್ಕೂ ಬಗ್ಗಲಿಲ್ವಾ? "ವಿಂಡೋಸ್ ಹೋಗಿದೆ ಸಾರ್, ಫಾರ್ಮ್ಯಾಟ್ ಹೊಡೆದುಬಿಡೋಣ." ಫಾರ್ಮ್ಯಾಟ್ ಆದಮೇಲೆ ಕೆಲವು ಸಲ ಸರಿಹೋಗೋದೂ ಉಂಟು. ಯಾಕೆ ಸರಿಹೋಯ್ತು ಅನ್ನೋದು ಮಾತ್ರ ಹುಡುಗನಿಗೂ ಗೊತ್ತಿಲ್ಲ, ಅಂಗಡಿ ಯಜಮಾನರಿಗೂ ಗೊತ್ತಿಲ್ಲ. ಹಾಗಾಗಿ ಮುಂದಿನ ಸಲ ಕರೆಂಟ್ ಹೋಗಿ ಬಂದಾಗ ಅದೇ ರಾಗ.

ಹುಡುಗನನ್ನ ಬೈದು ಉಪಯೋಗವಿಲ್ಲ. ಎಂಜಿನಿಯರಿಂಗ್ ಕಾಲೇಜಿನಲ್ಲಿ ತ್ರೀ-ವೇ ಹ್ಯಾಂಡ್‌ಶೇಕ್ (ಕನೆಕ್ಷನ್ ಶುರುವಾಗೋಕೆ ಮುಂಚೆ ಎರಡು ಮಿಷಿನ್ನು ಮೂರು ಹಂತದಲ್ಲಿ ಮಾಡ್ಕೊಳ್ಳೋ ಪರಿಚಯ) ಚಿತ್ರವನ್ನ ಮಾರ್ಕಿಗೋಸ್ಕರ ಬರೆಸ್ತಾರೆ, ಲ್ಯಾಬಿನಲ್ಲಿ ಸಿಮ್ಯುಲೇಟರ್ ಓಡಿಸ್ತಾರೆ. ಅದೇ ಹ್ಯಾಂಡ್‌ಶೇಕ್ ನಿಜವಾದ ಮಿಷಿನ್ನಿನಲ್ಲಿ ಅರ್ಧಕ್ಕೇ ನಿಂತಿರೋದನ್ನ ಕಪ್ಪು ಪರದೆ ಮೇಲೆ ತೋರಿಸೋರು ಅಪರೂಪ. ತೋರಿಸೋಕೆ ಬೇಕಾದ ಟೂಲು ಪ್ರತಿ ವಿಂಡೋಸ್‌ನಲ್ಲೂ ಪುಕ್ಕಟೆ ಕೂತಿದೆ: ನೆಟ್‌ಸ್ಟಾಟ್, ಮಿಷಿನ್ನಿನ ಎಲ್ಲ ನೆಟ್‌ವರ್ಕ್ ಕನೆಕ್ಷನ್ನುಗಳನ್ನ ಪಟ್ಟಿ ಮಾಡಿ ತೋರಿಸೋ ಕಮ್ಯಾಂಡ್. 1983ರ ಬಿಎಸ್‌ಡಿ ಯೂನಿಕ್ಸ್ ಕಾಲದಿಂದ ಇರೋದು, ಇವತ್ತಿಗೂ ಕೆಲಸಕ್ಕೆ ಬರುತ್ತೆ.

ವಿಂಡೋಸ್ ಕೀ ಜೊತೆ ಆರ್ ಒತ್ತಿ, ಸಿಎಂಡಿ ಅಂತ ಬರೆದು, ಕಂಟ್ರೋಲ್ ಮತ್ತು ಶಿಫ್ಟ್ ಹಿಡಿದು ಎಂಟರ್ ಒತ್ತಿ. ಬರೀ ಎಂಟರ್ ಒತ್ತಿದರೂ ತೆರೆಯುತ್ತೆ, ಆದರೆ ಅಡ್ಮಿನಿಸ್ಟ್ರೇಟರ್ ಹಕ್ಕು ಇರಲ್ಲ. ಆಮೇಲೆ ಬರೆಯಬೇಕಾದ್ದು: ನೆಟ್‌ಸ್ಟಾಟ್, ಒಂದು ಸ್ಪೇಸ್, ಮೈನಸ್ ಗುರುತು, ಅದಕ್ಕೆ ಅಂಟಿಸಿ ಎ, ಎನ್, ಓ ಮೂರಕ್ಷರ. ಇಲ್ಲಿ ಕನ್ನಡದಲ್ಲಿ ಬರೆದಿದ್ದೀನಿ, ಅಲ್ಲಿ ಇಂಗ್ಲಿಷ್ ಸಣ್ಣಕ್ಷರ. ಎ ಅಂದ್ರೆ ನಡೀತಿರೋ ಕನೆಕ್ಷನ್ ಜೊತೆ ಕಾಯ್ತಾ ಕೂತಿರೋ ಪೋರ್ಟುಗಳನ್ನೂ (ಪ್ರೋಗ್ರಾಮುಗಳು ಕನೆಕ್ಷನ್ ತಗೊಳ್ಳೋ ನಂಬರ್ ಹಾಕಿದ ಬಾಗಿಲುಗಳನ್ನೂ) ತೋರಿಸು ಅಂತ. ಎನ್ ಅಂದ್ರೆ ಹೆಸರು ಹುಡುಕೋಕೆ ಹೋಗಬೇಡ, ನಂಬರನ್ನೇ ಕೊಡು. ಓ ಅಂದ್ರೆ ಯಾವ ಪ್ರೋಗ್ರಾಮಿನದು ಅಂತ ಪಿಐಡಿ, ಅಂದ್ರೆ ಓಡ್ತಿರೋ ಪ್ರೋಗ್ರಾಮಿಗೆ ವಿಂಡೋಸ್ ಕೊಟ್ಟಿರೋ ನಂಬರು, ಕೊಡು. ಎನ್ ಬಿಟ್ಟರೆ ಒಂದೊಂದು ಅಡ್ರೆಸ್ಸಿಗೂ ಹೆಸರು ಕೇಳ್ಕೊಂಡು ಡಿಎನ್‌ಎಸ್ (ಹೆಸರು-ಅಡ್ರೆಸ್ ಪಟ್ಟಿ ಇಟ್ಟಿರೋ ಸರ್ವರ್) ಹತ್ರ ಹೋಗುತ್ತೆ, ಸಾಲುಗಳು ಆಮೆ ನಡಿಗೆಯಲ್ಲಿ ಬರ್ತವೆ. ನೆಟ್ಟೇ ಕೆಟ್ಟಿರುವಾಗಲಂತೂ ಕೇಳಲೇಬೇಡಿ.

ಬರೋ ನೂರಾರು ಸಾಲು ನೋಡಿ ಗಾಬರಿ ಬೇಡ. ಒಂದು ಸಾಲು ಓದೋಕೆ ಬಂದರೆ ಎಲ್ಲ ಬಂದಹಾಗೆ. ಇದನ್ನ ನೋಡಿ:

ಟಿಸಿಪಿ   0.0.0.0:9000   0.0.0.0:0   ಲಿಸನಿಂಗ್   6124

ಮೊದಲನೇದು ಪ್ರೋಟೋಕಾಲ್. ಎರಡನೇದು ನಮ್ಮ ಕಡೆ ಅಡ್ರೆಸ್, ಕೋಲನ್ ಆದಮೇಲೆ ಇರೋದು ಪೋರ್ಟು. ಮೂರನೇದು ಆ ಕಡೆ ಅಡ್ರೆಸ್. ಇಲ್ಲಿ ಇನ್ನೂ ಯಾರೂ ಬಂದಿಲ್ಲವಾದ್ದರಿಂದ ಬರೀ ಸೊನ್ನೆಗಳು. ನಾಲ್ಕನೇದು ಸ್ಥಿತಿ, ಕೊನೇದು ಪಿಐಡಿ. ಅಂದ್ರೆ 6124 ನಂಬರಿನ ಪ್ರೋಗ್ರಾಮು 9000 ಪೋರ್ಟಿನಲ್ಲಿ ಕನೆಕ್ಷನ್ನಿಗೆ ಕಾಯ್ತಿದೆ. ಯಾವ ಪ್ರೋಗ್ರಾಮು ಅಂತ ಬೇಕಾದರೆ ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಟ್ಯಾಬಿನಲ್ಲಿ ಪಿಐಡಿ ಕಾಲಮ್ ನೋಡಿ.

ನನ್ನ ಪ್ರಕಾರ ಇಡೀ ನೆಟ್‌ಸ್ಟಾಟ್‌ನಲ್ಲಿ ಚಿನ್ನದಂಥ ಜಾಗ ಆ ಎರಡನೇ ಕಾಲಮ್ಮು. ಅಲ್ಲಿ 0.0.0.0 ಇದ್ದರೆ ಮಿಷಿನ್ನಿನ ಯಾವ ಅಡ್ರೆಸ್ಸಿಗೆ ಬಂದರೂ ತಗೋತೀನಿ ಅಂತ ಅರ್ಥ. ಚೌಕ ಬ್ರಾಕೆಟ್ಟಿನೊಳಗೆ ಎರಡು ಕೋಲನ್ ಇದ್ದರೆ ಐಪಿವಿ6 ಅನ್ನೋ ಹೊಸ ಥರದ ಅಡ್ರೆಸ್ಸಿನಲ್ಲಿ ಅದೇ ಅರ್ಥ. 192.168.1.12 ಥರ ಒಂದೇ ಅಡ್ರೆಸ್ ಇದ್ದರೆ ಅದಕ್ಕೆ ಬಂದದ್ದು ಮಾತ್ರ. 127.0.0.1 ಇದ್ದರೆ ಅದೇ ಮಿಷಿನ್ನಿನ ಪ್ರೋಗ್ರಾಮುಗಳಿಗೆ ಮಾತ್ರ, ಹೊರಗಿನವರಿಗೆ ಪ್ರವೇಶವೇ ಇಲ್ಲ. "ಸರ್ವರಿನಲ್ಲಿ ಚೆನ್ನಾಗಿ ಓಪನ್ ಆಗುತ್ತೆ ಸಾರ್, ಪಕ್ಕದ ಕಂಪ್ಯೂಟರಿನಲ್ಲಿ ಆಗಲ್ಲ" ಅನ್ನೋ ದೂರಿಗೆ ಉತ್ತರ ಎಷ್ಟೋ ಸಲ ಇಷ್ಟೇ. ಉಬುಂಟು ಲಿನಕ್ಸಿನಲ್ಲಿ ಮೈಎಸ್‌ಕ್ಯೂಎಲ್ ಡೇಟಾಬೇಸ್ ಹಾಕಿದರೆ ಅದು 127.0.0.1ರಲ್ಲೇ 3306 ಹಿಡಿದು ಕೂರುತ್ತೆ. ಕಾನ್ಫಿಗ್ ಫೈಲಿನ ಬೈಂಡ್-ಅಡ್ರೆಸ್ ಸಾಲು ಬದಲಾಯಿಸೋವರೆಗೂ ನೀವು ಎಷ್ಟು ಸಲ ಫಾರ್ಮ್ಯಾಟ್ ಹೊಡೆದರೂ ಅದು ಅಲ್ಲೇ.

ನಮ್ಮ ಕಡೆ ಬಿಲ್ಲಿಂಗ್ ಸಾಫ್ಟ್‌ವೇರುಗಳಲ್ಲಿ ಬಹಳಷ್ಟಕ್ಕೆ ಕೆಳಗೆ ಇರೋದು ಮೈಕ್ರೋಸಾಫ್ಟಿನ ಪುಕ್ಕಟೆ ಡೇಟಾಬೇಸ್ ಆದ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್. ಅದರ ಕಥೆಯೇ ಬೇರೆ. ಹಾಕಿದ ಹೊಸದರಲ್ಲಿ ಅದರ ಟಿಸಿಪಿ ಆಫ್ ಇರುತ್ತೆ, ನೆಟ್‌ವರ್ಕಿನ ಕಡೆಗೆ ಪೋರ್ಟನ್ನೇ ತೆರೆಯಲ್ಲ. ಆನ್ ಮಾಡಿದರೂ ಡೈನಾಮಿಕ್ ಪೋರ್ಟು ತಗೊಳ್ಳುತ್ತೆ, ಸರ್ವಿಸ್ ಮತ್ತೆ ಶುರುವಾದಾಗ ಆ ನಂಬರು ಬದಲಾಗಬಹುದು. ನೀವು ಮಾತ್ರ ಫೈರ್‌ವಾಲಿನಲ್ಲಿ (ಹೊರಗಿಂದ ಬರೋ ಕನೆಕ್ಷನ್ ತಡೆಯೋ ಕಾವಲು) ಎಸ್‌ಕ್ಯೂಎಲ್ ಸರ್ವರಿನ ಮಾಮೂಲಿ ಪೋರ್ಟಾದ 1433 ತೆರೆದು "ನಾನು ಪೋರ್ಟ್ ಓಪನ್ ಮಾಡಿದ್ದೀನಲ್ಲ" ಅಂತಿರ್ತೀರ. ನೆಟ್‌ಸ್ಟಾಟ್‌ನಲ್ಲಿ ಆ ಸರ್ವಿಸಿನ ಪಿಐಡಿ ಎದುರು 1433 ಇಲ್ಲದೆ ಐವತ್ತು ಸಾವಿರದ ಆಸುಪಾಸಿನ ಯಾವುದೋ ನಂಬರು ಕಂಡರೆ ಕಳ್ಳ ಸಿಕ್ಕಿಬಿದ್ದ. ಎಸ್‌ಕ್ಯೂಎಲ್ ಸರ್ವರ್ ಕಾನ್ಫಿಗರೇಷನ್ ಮ್ಯಾನೇಜರಿಗೆ ಹೋಗಿ, ಟಿಸಿಪಿ/ಐಪಿ ಪ್ರಾಪರ್ಟೀಸಿನ ಕೊನೆಯಲ್ಲಿರೋ ಐಪಿ ಆಲ್ ಭಾಗದಲ್ಲಿ ಡೈನಾಮಿಕ್ ಪೋರ್ಟ್ಸ್ ಖಾನೆ ಖಾಲಿ ಮಾಡಿ (ಸೊನ್ನೆಯನ್ನೂ ಬಿಡಬೇಡಿ, ಸೊನ್ನೆ ಅಂದ್ರೆ ಡೈನಾಮಿಕ್ ಅಂತಲೇ ಅರ್ಥ), ಟಿಸಿಪಿ ಪೋರ್ಟ್ ಖಾನೆಯಲ್ಲಿ 1433 ಬರೆದು ಸರ್ವಿಸ್ ರೀಸ್ಟಾರ್ಟ್ ಮಾಡಿ. ಇನ್ನೊಂದು ಸಲ ನೆಟ್‌ಸ್ಟಾಟ್ ಹೊಡೆದು ನೋಡಿಯೇ ಜಾಗ ಬಿಡಿ.

ಈಗ ಕ್ಲೈಂಟ್ ಮಿಷಿನ್ನಿಗೆ ಬನ್ನಿ. "ಕನೆಕ್ಟಿಂಗ್" ಅಂತ ತಿರುಗ್ತಿರುವಾಗಲೇ ಅಲ್ಲೂ ಅದೇ ಕಮ್ಯಾಂಡ್ ಕೊಡಿ. ಸಿನ್_ಸೆಂಟ್ ಅನ್ನೋ ಸಾಲು ಸಿಕ್ಕರೆ, ನಮ್ಮಿಂದ ಮೊದಲ ಪ್ಯಾಕೆಟ್ ಹೋಗಿದೆ, ಆ ಕಡೆಯಿಂದ ಉತ್ತರ ಬಂದಿಲ್ಲ ಅಂತ. ಅದರ ಪಕ್ಕದ ಮೂರನೇ ಕಾಲಮ್ಮನ್ನ ಎರಡು ಸಲ ಓದಿ. ಅಲ್ಲಿ 192.168.1.7 ಅಂತಿದ್ದು, ಸರ್ವರಿನಲ್ಲಿ ಅದರದೇ ಅಡ್ರೆಸ್ ತೋರಿಸೋ ಐಪಿಕಾನ್ಫಿಗ್ ಕಮ್ಯಾಂಡ್ ಹೊಡೆದಾಗ 192.168.1.12 ಬಂದರೆ ಮುಗೀತು. ಕ್ಲೈಂಟು ಹಳೇ ಅಡ್ರೆಸ್ಸಿಗೆ ಹೋಗಿ ಬಾಗಿಲು ತಟ್ಟುತ್ತಿದೆ. ಕರೆಂಟ್ ಹೋಗಿ ಬಂದಾಗ ಕೆಲವು ರೂಟರುಗಳು ಯಾರಿಗೆ ಯಾವ ಅಡ್ರೆಸ್ ಕೊಟ್ಟಿದ್ದೆ ಅನ್ನೋದನ್ನ ಮರೆತು ಹೊಸದಾಗಿ ಹಂಚ್ತವೆ. ರೂಟರಿನ ಡಿಎಚ್‌ಸಿಪಿ (ಅಡ್ರೆಸ್ ಹಂಚೋ ವ್ಯವಸ್ಥೆ) ಪುಟದಲ್ಲಿ ಸರ್ವರಿನ ಮ್ಯಾಕ್ ಅಡ್ರೆಸ್ಸಿಗೆ (ನೆಟ್‌ವರ್ಕ್ ಕಾರ್ಡಿನ ಗುರುತಿನ ನಂಬರಿಗೆ) ಒಂದು ಐಪಿ ರಿಸರ್ವ್ ಮಾಡಿಟ್ಟರೆ ಈ ಕಾಟ ತಪ್ಪುತ್ತೆ. ಐಪಿಕಾನ್ಫಿಗ್‌ನಲ್ಲೇ 169.254ರಿಂದ ಶುರುವಾಗೋ ಐಪಿ ಕಂಡರೆ ಡಿಎಚ್‌ಸಿಪಿಯಿಂದ ಅಡ್ರೆಸ್ಸೇ ಸಿಕ್ಕಿಲ್ಲ, ವಿಂಡೋಸ್ ತಾನೇ ಒಂದು ಹಾಕ್ಕೊಂಡಿದೆ. ಆಗ ಕೇಬಲ್, ಸ್ವಿಚ್, ರೂಟರ್ ನೋಡಿ. ಸಾಫ್ಟ್‌ವೇರ್ ಮುಟ್ಟಬೇಡಿ.

ಅಡ್ರೆಸ್ಸೂ ಸರಿ, ಸರ್ವರಿನಲ್ಲಿ 0.0.0.0 ಲಿಸನಿಂಗೂ ಸರಿ, ಆದರೂ ಸಿನ್_ಸೆಂಟ್. ಹಾಗಿದ್ದರೆ ಹೆಚ್ಚುಕಮ್ಮಿ ಫೈರ್‌ವಾಲೇ. ಲಿಸನಿಂಗ್ ಅಂದ್ರೆ ಪ್ರೋಗ್ರಾಮು ತಯಾರಾಗಿದೆ ಅಂತ ಅಷ್ಟೆ, ಫೈರ್‌ವಾಲ್ ಒಳಗೆ ಬಿಡುತ್ತೆ ಅಂತಲ್ಲ. ನೆಟ್‌ಸ್ಟಾಟಿಗೆ ಫೈರ್‌ವಾಲಿನ ಸುದ್ದಿಯೇ ಗೊತ್ತಿಲ್ಲ. ಇಲ್ಲಿ ಒಂದು ಸೂಕ್ಷ್ಮ ಇದೆ. ಪೋರ್ಟಿನಲ್ಲಿ ಯಾರೂ ಇಲ್ಲದಿದ್ದರೆ ಮಾಮೂಲಾಗಿ ಆ ಕಡೆಯ ಮಿಷಿನ್ನು ಕೂಡಲೇ "ಇಲ್ಲ" ಅಂತ ಹೇಳಿ ಕಳಿಸಬೇಕು. ಆದರೆ ವಿಂಡೋಸ್ ಫೈರ್‌ವಾಲ್ ಆನ್ ಇದ್ದರೆ ಆ ಉತ್ತರವನ್ನೂ ತಡೆದು ಸುಮ್ಮನಿರುತ್ತೆ. ಹಾಗಾಗಿ ಪ್ರೋಗ್ರಾಮು ಸತ್ತಿದ್ದರೂ, ಫೈರ್‌ವಾಲ್ ತಡೆದಿದ್ದರೂ, ಕ್ಲೈಂಟಿನಲ್ಲಿ ಕಾಣೋದು ಒಂದೇ ಥರ. ಸರ್ವರಿನ ನೆಟ್‌ಸ್ಟಾಟ್ ನೋಡದೆ ಬರೀ ಕ್ಲೈಂಟ್ ನೋಡಿ ತೀರ್ಪು ಕೊಡಬೇಡಿ ಅನ್ನೋದು ಇದಕ್ಕೇ.

ಹೊಸ ರೂಟರ್ ಹಾಕಿದ ದಿನವೇ ಎಲ್ಲ ನಿಂತುಹೋದರೆ ಇನ್ನೊಂದು ನೋಡಿ. ವಿಂಡೋಸಿಗೆ ಅದು ಹೊಸ ನೆಟ್‌ವರ್ಕು, ಕೇಳದೆ ಪಬ್ಲಿಕ್ ಪ್ರೊಫೈಲಿಗೆ ಹಾಕಿರುತ್ತೆ. ಫೈರ್‌ವಾಲ್ ರೂಲು ಪ್ರೈವೇಟ್ ಪ್ರೊಫೈಲಿಗೆ ಮಾತ್ರ ಬರೆದದ್ದಾದರೆ ಇಲ್ಲಿ ನಡೆಯಲ್ಲ. ಸೆಟ್ಟಿಂಗ್ಸಿನಲ್ಲಿ ಪ್ರೈವೇಟ್ ಅಂತ ಬದಲಾಯಿಸಿದರೆ ಸಾಕು. ಇದಕ್ಕೆ ಫೈರ್‌ವಾಲನ್ನೇ ಪೂರ್ತಿ ಆಫ್ ಮಾಡಿ, ಸಂಜೆ ದುಡ್ಡು ಇಸ್ಕೊಂಡು ಹೋಗೋರಿದ್ದಾರೆ. ಅದು ರಿಪೇರಿ ಅಲ್ಲ ಸ್ವಾಮಿ, ಸಾಲ. ಅಂಗಡಿಯ ಯಾವುದಾದರೂ ಒಂದು ಮಿಷಿನ್ನಿಗೆ ರ‍್ಯಾನ್ಸಮ್‌ವೇರ್ (ಫೈಲುಗಳನ್ನ ಬೀಗ ಹಾಕಿ ದುಡ್ಡು ಕೇಳೋ ವೈರಸ್) ಬಂದರೆ ಫೈಲ್ ಶೇರಿಂಗಿನ 445 ಪೋರ್ಟಿನಿಂದ ಉಳಿದವಕ್ಕೆ ಹರಡೋಕೆ ದಾರಿ ಮಾಡಿಕೊಟ್ಟ ಹಾಗೆ.

ಉಳಿದ ಸ್ಥಿತಿಗಳಲ್ಲಿ ಎಸ್ಟಾಬ್ಲಿಷ್ಡ್ ಅಂದ್ರೆ ಮಾತುಕತೆ ಜಾರಿಯಲ್ಲಿದೆ. ಟೈಮ್_ವೇಟ್ ರಾಶಿ ಕಂಡರೆ ಹೆದರಬೇಡಿ. ಮುಗಿದ ಕನೆಕ್ಷನ್ನಿನ ತಡವಾದ ಪ್ಯಾಕೆಟ್ ಹೊಸದಕ್ಕೆ ಬೆರೆಯದಿರಲಿ ಅಂತ ಸ್ವಲ್ಪ ಹೊತ್ತು ಇಟ್ಟಿರೋದು ಅಷ್ಟೆ, ತಾನೇ ಹೋಗುತ್ತೆ. ಅದರ ಎದುರು ಪಿಐಡಿ ಸೊನ್ನೆ ಇರೋದೂ ಸಹಜ. ಹೆದರಬೇಕಾದ್ದು ಕ್ಲೋಸ್_ವೇಟ್ ನೂರಾರು ಆಗಿ ಕರಗದೆ ಉಳಿದಾಗ. ಆ ಕಡೆಯವರು ಫೋನ್ ಇಟ್ಟಾಗಿದೆ, ನಮ್ಮ ಪ್ರೋಗ್ರಾಮು ಮಾತ್ರ ಇನ್ನೂ ರಿಸೀವರ್ ಕಿವಿಗೆ ಹಿಡಿದು ನಿಂತಿದೆ. ಅದು ಸಾಫ್ಟ್‌ವೇರ್ ಬರೆದವರ ತಪ್ಪು. ರೂಟರನ್ನಾಗಲಿ ಇಂಟರ್ನೆಟ್ ಕಂಪನಿಯನ್ನಾಗಲಿ ಬೈದು ಫಲವಿಲ್ಲ. ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ತಾತ್ಕಾಲಿಕ ಶಮನ.

ಕಾಲೇಜು ಹುಡುಗರಿಗೆ ಒಂದು ಮಾತು. ಪ್ರಾಜೆಕ್ಟ್ ಡೆಮೋ ದಿನ ಎಕ್ಸ್ಯಾಂಪ್ ಪ್ಯಾಕೇಜಿನ ವೆಬ್ ಸರ್ವರ್ ಅಪಾಚೆ ಏಳೋದೇ ಇಲ್ಲ, 80 ಪೋರ್ಟು ಬೇರೆ ಯಾರೋ ಹಿಡಿದಿದ್ದಾರೆ ಅನ್ನುತ್ತೆ. ನೆಟ್‌ಸ್ಟಾಟ್ ಕಮ್ಯಾಂಡಿನ ಕೊನೆಗೆ ಪೈಪ್ ಗುರುತು (ನಿಂತ ಗೆರೆ) ಹಾಕಿ ಫೈಂಡ್‌ಸ್ಟರ್ ಜೊತೆ :80 ಅಂತ ಹುಡುಕ್ತೀರ. ಅದು 8080ನ್ನೂ ತರುತ್ತೆ, ಆ ಕಡೆಯ 80ನ್ನೂ ತರುತ್ತೆ. ಫೈಂಡ್‌ಸ್ಟರ್ ಬದಲು ಬರೀ ಫೈಂಡ್ ಬಳಸಿ, :80 ಆದಮೇಲೆ ಒಂದು ಸ್ಪೇಸ್ ಬಿಟ್ಟು, ಸ್ಪೇಸ್ ಸೇರಿಸಿ ಡಬಲ್ ಕೋಟ್‌ನಲ್ಲಿ ಹಾಕಿ, ಆಗ 8080ರ ಗಲಾಟೆ ತಪ್ಪುತ್ತೆ. ಪಿಐಡಿ 4 ಅಂತ ಬಂದರೆ ಅದು ವಿಂಡೋಸಿನ ಸಿಸ್ಟಮ್ಮೇ, ಎಂಡ್ ಟಾಸ್ಕ್ ಕೊಡೋಕೆ ಹೋಗಬೇಡಿ. ಬಹುತೇಕ ವಿಂಡೋಸಿನ ಸ್ವಂತ ವೆಬ್ ಸರ್ವರ್ ಆದ ಐಐಎಸ್‌ನ ವರ್ಲ್ಡ್ ವೈಡ್ ವೆಬ್ ಪಬ್ಲಿಷಿಂಗ್ ಸರ್ವಿಸ್ ಓಡ್ತಿರುತ್ತೆ. ಸರ್ವಿಸಸ್ ಪಟ್ಟಿಯಲ್ಲಿ ಅದನ್ನ ನಿಲ್ಲಿಸಿ, ಇಲ್ಲವೇ ಅಪಾಚೆ ಕಾನ್ಫಿಗ್‌ನಲ್ಲಿ ಲಿಸನ್ 80 ಅನ್ನೋದನ್ನ 8080 ಮಾಡಿ. ಲಿನಕ್ಸಿನವರು ಹೊಸ ಟೂಲಾದ ಎಸ್‌ಎಸ್ ಬಳಸಿ, ಟಿ ಯು ಎಲ್ ಪಿ ಎನ್ ಐದಕ್ಷರ ಮೈನಸ್ ಗುರುತಿನ ಜೊತೆ ಕೊಟ್ಟು, ಕಮ್ಯಾಂಡಿನ ಶುರುವಿಗೆ ಸುಡೋ (ಅಡ್ಮಿನಿಸ್ಟ್ರೇಟರ್ ಹಕ್ಕು ಕೊಡೋದು) ಸೇರಿಸಿ. ಸುಡೋ ಇಲ್ಲದಿದ್ದರೆ ಬೇರೆಯವರ ಪ್ರೋಗ್ರಾಮಿನ ಹೆಸರು ಬರಲ್ಲ.

135, 445, ಮತ್ತೆ 49664ರಿಂದ ಮುಂದಕ್ಕೆ ಸಾಲಾಗಿ ಲಿಸನಿಂಗ್ ಇರೋವು ಸಾಮಾನ್ಯವಾಗಿ ವಿಂಡೋಸಿನವೇ. ಅದನ್ನ ತೋರಿಸಿ "ಹ್ಯಾಕ್ ಆಗಿದೆ ಸಾರ್" ಅಂತ ಆಂಟಿವೈರಸ್ ಮಾರೋರಿಗೆ ಮರುಳಾಗಬೇಡಿ. ಅನುಮಾನವಿದ್ದರೆ ಓ ಬದಲು ಬಿ ಹಾಕಿ, ಪ್ರೋಗ್ರಾಮಿನ ಹೆಸರೇ ಬರುತ್ತೆ. ಇದಕ್ಕೆ ಅಡ್ಮಿನಿಸ್ಟ್ರೇಟರ್ ಹಕ್ಕು ಬೇಕು, ಸ್ವಲ್ಪ ನಿಧಾನ.

ಇದರ ಕೈಲಿ ಆಗದ್ದೂ ಇದೆ. ನೆಟ್ ನಿಧಾನ ಅನ್ನೋದಕ್ಕೆ ನೆಟ್‌ಸ್ಟಾಟ್ ಬೇಡ, ಮೊದಲು ರೂಟರಿಗೆ, ಆಮೇಲೆ ಗೂಗಲ್‌ನ 8.8.8.8ಕ್ಕೆ ಪಿಂಗ್ ಮಾಡಿ (ಉತ್ತರ ಬರೋಕೆ ಎಷ್ಟು ಹೊತ್ತು ಅಂತ ನೋಡಿ) ಹೋಲಿಸಿ. ಅಂಗಡಿಯ ಸಿಸಿಟಿವಿ ಮನೆಯಿಂದ ಕಾಣ್ತಿಲ್ಲ, ಪೋರ್ಟ್ ಫಾರ್ವರ್ಡ್ ಮಾಡಿದರೂ (ಹೊರಗಿಂದ ಬಂದದ್ದನ್ನ ಒಳಗಿನ ಮಿಷಿನ್ನಿಗೆ ಕಳಿಸು ಅಂತ ರೂಟರಿಗೆ ಹೇಳಿದರೂ) ಆಗ್ತಿಲ್ಲ ಅಂದ್ರೆ ರೂಟರಿನ ವ್ಯಾನ್ ಐಪಿ, ಅಂದ್ರೆ ಇಂಟರ್ನೆಟ್ ಕಡೆಯ ಅಡ್ರೆಸ್, ನೋಡಿ. 100.64ರಿಂದ 100.127ರ ಒಳಗಿದ್ದರೆ ಅದು ಒಂದು ಪಬ್ಲಿಕ್ ಐಪಿಯನ್ನ ಹಲವು ಗಿರಾಕಿಗಳಿಗೆ ಹಂಚೋ ಸಿಜಿ-ನ್ಯಾಟ್. 2012ರಲ್ಲಿ ಇದಕ್ಕೇ ಅಂತ ಎತ್ತಿಟ್ಟ ಅಡ್ರೆಸ್ಸುಗಳಿವು. ನೀವು ತೆರೆದ ಪೋರ್ಟಿನವರೆಗೆ ಹೊರಗಿನ ಕನೆಕ್ಷನ್ ಬರೋದೇ ಇಲ್ಲ. ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ ಕೇಳಿ, ಇಲ್ಲ ಸಿಸಿಟಿವಿ ರೆಕಾರ್ಡರ್ ಆದ ಡಿವಿಆರ್‌ನ ಕ್ಲೌಡ್ ಸೌಲಭ್ಯ ಬಳಸಿ.

ಯಾರ ಹತ್ರವಾದರೂ ಸಹಾಯ ಕೇಳೋದಾದರೆ "ಕನೆಕ್ಟ್ ಆಗ್ತಿಲ್ಲ ಅಣ್ಣ" ಅಂತ ಪರದೆಯ ಓರೆ ಫೋಟೋ ವಾಟ್ಸಾಪ್ ಮಾಡಬೇಡಿ. ಕಮ್ಯಾಂಡಿನ ಕೊನೆಗೆ ಬಲಕ್ಕೆ ತಿರುಗಿದ ಬಾಣದ ಗುರುತು ಹಾಕಿ ಒಂದು ಫೈಲ್ ಹೆಸರು ಕೊಟ್ಟರೆ ಎಲ್ಲ ಅದರೊಳಗೆ ಹೋಗುತ್ತೆ. ಸರ್ವರಿನದೊಂದು, ಕ್ಲೈಂಟಿನದೊಂದು, ಎರಡೂ ಬೇಕು. ಕ್ಲೈಂಟಿನದು ಎರರ್ ಬರೋಕೆ ಮುಂಚೆ, ಇನ್ನೂ ತಿರುಗ್ತಿರುವಾಗಲೇ ತೆಗೆದದ್ದಾಗಿರಬೇಕು. ಎರರ್ ಬಂತು ಅಂದ್ರೆ ಸಿನ್_ಸೆಂಟ್ ಸಾಲು ಅಳಿಸಿಹೋಗಿರುತ್ತೆ. ಕೈ ಅಷ್ಟು ಚುರುಕಿಲ್ಲ ಅಂದ್ರೆ ಎಎನ್‌ಓ ಆದಮೇಲೆ ಸ್ಪೇಸ್ ಕೊಟ್ಟು 2 ಅಂತ ಬರೀರಿ, ಎರಡು ಸೆಕೆಂಡಿಗೊಂದು ಸಲ ತಾನೇ ತೆಗೀತಾ ಇರುತ್ತೆ. ಸಾಕು ಅನ್ನಿಸಿದಾಗ ಕಂಟ್ರೋಲ್ ಸಿ.