ಎತ್ತಿ ಒಯ್ಯುವ ಇಲಾಖೆ

ಡಿಸೆಂಬರ್ 10, ಬೆಳಗಿನ 11 ಗಂಟೆ. ಅವಳಿ ನಗರದ ಒಂದು ಸರ್ಕಾರಿ ಕಚೇರಿ. ಯಾವುದು ಅಂತ ಕೇಳಬೇಡಿ, ನಿಮ್ಮೂರಿನದೇ ಅಂದುಕೊಂಡರೂ ನಡೆಯುತ್ತದೆ. ಸಿಬ್ಬಂದಿಯೆಲ್ಲ ಸಭಾಂಗಣದಲ್ಲಿ ಬಲಗೈ ಚಾಚಿ ಮಾನವ ಹಕ್ಕುಗಳ ಪ್ರತಿಜ್ಞೆ ಮಾಡುತ್ತಿದ್ದಾರೆ. ಹಾಗಾಗಿ ಕೌಂಟರ್ ಖಾಲಿ. ಸ್ವಂತ ದೇಶದ ಸಾರ್ವಜನಿಕ ಸೇವೆ ಎಲ್ಲರಿಗೂ ಸಮಾನವಾಗಿ ಸಿಗಬೇಕು ಅಂತ ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಘೋಷಣೆಯ 21ನೇ ವಿಧಿ ಹೇಳುತ್ತದೆ. ಪಾಪ, ಅದನ್ನು ಬರೆದವರು ಈ ಕಚೇರಿಯ ಮೂರು ಮೆಟ್ಟಿಲು ನೋಡಿರಲಿಲ್ಲ.

ಮೆಟ್ಟಿಲಿಗೆ ಆರು ಇಂಚಿನಂತೆ ಒಟ್ಟು ಒಂದೂವರೆ ಅಡಿ ಎತ್ತರ. ವ್ಹೀಲ್‌ಚೇರ್ ಹತ್ತುವ ಇಳಿಜಾರು ಒಂದಡಿ ಏರಬೇಕಾದರೆ 12 ಅಡಿ ಉದ್ದ ಬೇಕು ಎನ್ನುವುದು ನಿಯಮ. ಅಂದರೆ ರ‍್ಯಾಂಪ್ 18 ಅಡಿ ಇರಬೇಕು. ಇಲ್ಲಿರುವುದು ಐದು. ಯಾಕೆಂದರೆ ಐದಡಿ ಆಚೆಗೆ ಗಟಾರ. ಗೋಡೆಗುಂಟ ಒಂಬತ್ತಡಿ ಹೋಗಿ, ಐದಡಿಯ ಸಮತಟ್ಟು ಕಟ್ಟೆಯಲ್ಲಿ ಹೊರಳಿ, ಮತ್ತೆ ಒಂಬತ್ತಡಿ ಏರಿಸಬಹುದಿತ್ತು. ಆ ಜಾಗದಲ್ಲಿ ಸಾಹೇಬರ ಕಾರು ನಿಲ್ಲುತ್ತದೆ.

ಈ ಐದಡಿಯ ಮೇಲೆ ವ್ಹೀಲ್‌ಚೇರ್ ಹತ್ತಿಸಿದರೆ ಅದು ಹಿಂದಕ್ಕೆ ಮಗುಚುತ್ತದೆ, ಇಳಿಸಿದರೆ ನೆಟ್ಟಗೆ ಗಟಾರಕ್ಕೆ. ಮೇಲೆ ಹೊಳೆಯುವ ಗ್ರಾನೈಟ್ ಬೇರೆ. ಮಳೆಗಾಲದಲ್ಲಿ ಗಟ್ಟಿ ಕಾಲಿನವರೂ ಜಾರುತ್ತಾರೆ. ಕೈಹಿಡಿಕೆ ಒಂದೇ ಬದಿಗೆ, ಅದಕ್ಕೂ ಬ್ಯಾನರ್ ಕಟ್ಟಿದೆ. ಆದರೆ ಸ್ಕೂಟಿ ಏರಿಸಿ ನೆರಳಿಗೆ ನಿಲ್ಲಿಸಲು ಹೇಳಿ ಮಾಡಿಸಿದಂತಿದೆ.

ಇದು ಪಾಸಾಗಿದ್ದು ಹೇಗೆ? ಜಿಪಿಎಸ್ ಫೋಟೊದಿಂದ. ಎದುರಿಗೆ ನಿಂತು ಫೋಟೊ ತೆಗೆದರೆ ಅಕ್ಷಾಂಶ ಬರುತ್ತದೆ, ರೇಖಾಂಶ ಬರುತ್ತದೆ, ಇಳಿಜಾರು ಬರುವುದಿಲ್ಲ.

ಅಂಗವಿಕಲರ ಶೌಚಾಲಯವೂ ಇದೆ. ಒಳಗೆ ಹಳೇ ಫೈಲು, ಮುರಿದ ಕುರ್ಚಿ. ಖಾಲಿ ಮಾಡಿದರೂ ಬಾಗಿಲು ಒಳಕ್ಕೇ ತೆರೆಯುತ್ತದೆ. ಒಳಗೆ ಯಾರಾದರೂ ಬಿದ್ದರೆ ಅವರ ಮೈಯೇ ಬಾಗಿಲಿಗೆ ಅಡ್ಡ, ಹೊರಗಿನವರು ನೂಕುತ್ತ ನಿಲ್ಲಬೇಕು. ಹೊರಕ್ಕೆ ತೆರೆಯುವಂತೆ ಮಾಡಲು ಬಡಗಿಗೆ ಅರ್ಧ ದಿನ ಸಾಕು. ಕಡತಕ್ಕೆ ಎಷ್ಟು ದಿನ ಬೇಕೋ!

ಇಷ್ಟೆಲ್ಲ ದಾಟಿ ಬಂದ ಹಿರಿಯರಿಗೆ ಸಿಗುವುದು ಕನಿಕರ. "ಅಜ್ಜಾರ, ನೀವ್ಯಾಕ ತ್ರಾಸ ತಗೊಂಡು ಬಂದ್ರಿ? ಮಗನ್ನ ಕಳಸಬೇಕಿತ್ತಲ್ರಿ." ಮಗ ಹೋದರೆ, "ನಿಂದಲ್ಲಪಾ, ಅವರ ಹೆಬ್ಬಟ್ಟ ಬೇಕು. ಖುದ್ದ ಕರಕೊಂಡ ಬಾ." ರ‍್ಯಾಂಪ್ ಸರಿ ಮಾಡಿ ಅಂದರೆ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. "ನಾವಿಲ್ಲೇನ್ರಿ? ನಾಕ ಮಂದಿ ಸೇರಿ ಎತ್ತಿ ಒಯ್ತೀವಿ!"

ಎತ್ತುವುದಕ್ಕೂ ಒಂದು ವಿದ್ಯೆ ಬೇಕು. ಹಲವು ವ್ಹೀಲ್‌ಚೇರುಗಳಲ್ಲಿ ತೋಳುಗಳು ಬಿಚ್ಚಿ ಬರುವಂಥವು. ಅವನ್ನೇ ಹಿಡಿದೆತ್ತಿದರೆ ತೋಳು ಕೈಯಲ್ಲಿ ಉಳಿಯುತ್ತದೆ, ಅಜ್ಜಾರು ಮೆಟ್ಟಿಲ ಮೇಲೆ. ಬ್ಯಾಟರಿ ಕುರ್ಚಿಯಾದರೆ ಭಾರಕ್ಕೆ ನಾಲ್ವರ ಸೊಂಟವೂ ಹಿಡಿದುಕೊಳ್ಳುತ್ತದೆ. ಹೇಗೋ ಎತ್ತಿದರೆ ಮರುದಿನ ಪೇಪರಿನಲ್ಲಿ 'ಮಾನವೀಯತೆ ಮೆರೆದ ಸಿಬ್ಬಂದಿ'. ರ‍್ಯಾಂಪ್ ನೆಟ್ಟಗಿದ್ದರೆ ಅಜ್ಜಾರು ಯಾರ ಹಂಗೂ ಇಲ್ಲದೆ ಒಳಹೋಗಿ ಬಂದುಬಿಡುತ್ತಿದ್ದರು, ಫೋಟೊ ಎಲ್ಲಿಂದ ಬರಬೇಕು?

ಕಾನೂನು ಇಲ್ಲವೆಂದಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಹಳೆಯ ಸಾರ್ವಜನಿಕ ಕಟ್ಟಡಗಳಿಗೆ, ಅದರ ನಿಯಮಗಳು ಹೊರಟ ದಿನದಿಂದ ಕೊಟ್ಟ ಐದು ವರ್ಷದ ಗಡುವು 2022ರ ಜೂನ್‌ನಲ್ಲೇ ಮುಗಿದಿದೆ. ಕಟ್ಟಡ ಅಂಗವಿಕಲರ ಬಳಕೆಗೆ ಹೇಗಿರಬೇಕೆಂಬ ಮಾನದಂಡ ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯ ನಿಯಮ ಮಾಡಿ ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮೊದಲ ಉಲ್ಲಂಘನೆಗೆ 10 ಸಾವಿರದವರೆಗೆ, ಆಮೇಲಿನವಕ್ಕೆ 50 ಸಾವಿರದಿಂದ 5 ಲಕ್ಷದವರೆಗೆ ದಂಡವೂ ಕಾಯ್ದೆಯಲ್ಲಿದೆ.

ಕಚೇರಿ ಸುಮ್ಮನೆ ಕೂತಿಲ್ಲ. ರ‍್ಯಾಂಪಿನ ತುದಿಗೆ ಹೊಸ ಬೋರ್ಡು ಬಂದಿದೆ: 'ವ್ಹೀಲ್‌ಚೇರ್ ಬಳಸುವವರು ಸ್ವಂತ ಜವಾಬ್ದಾರಿಯ ಮೇಲೆ ಇಳಿಯತಕ್ಕದ್ದು.' ಕೆಳಗಿನಿಂದ ಕಾಣದು, ಮೇಲೆ ಹತ್ತಿದವರು ಓದಿಕೊಳ್ಳಬಹುದು.