ಅಪ್ಪನ ಸೈಕಲ್ಲಿನ ಹಿಂದಿನ ದೀಪ

ಹಳೆಯ ಸೈಕಲ್ಲಿಗೆ ಬಣ್ಣ ಹೊಡೆಸಿ, ಚೈನ್ ಕವರಿಗೆ ಹೊಳಪು ಕೊಟ್ಟು, ಪಡಸಾಲೆಯಲ್ಲಿ ನಿಲ್ಲಿಸಿ ಫೋಟೊ ಹಾಕುವ ಗೆಳೆಯರ ಮೇಲೆ ನನ್ನದೊಂದು ತಕರಾರಿದೆ. ಫೋಟೊದಲ್ಲಿ ಮುಂದಿನ ದೀಪ ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಅದು ಉರಿಯುತ್ತದೆಯೇ ಎಂದು ಕೇಳಿದರೆ ಮಾತು ಬದಲಾಗುತ್ತದೆ.

ನಮ್ಮದು ಸಿಂಧನೂರು ಕಡೆಯ ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಮ್ಮ ಹೊಲಕ್ಕೆ ಬರುತ್ತಿದ್ದುದು ಬಹುಪಾಲು ರಾತ್ರಿ ಪಾಳಿಯಲ್ಲೇ. ಅಪ್ಪ ಅಟ್ಲಾಸ್ ಸೈಕಲ್ಲಿನ ಕ್ಯಾರಿಯರ್ ಮೇಲೆ ನನ್ನನ್ನು ಕೂರಿಸಿಕೊಂಡು ಹೊರಡುತ್ತಿದ್ದರು. ಟೈರಿಗೆ ತಾಗಿ ತಿರುಗುತ್ತ ದೀಪಕ್ಕೆ ಕರೆಂಟು ಕೊಡುವ ಡೈನಮೋ ಇದ್ದುದು ಹಿಂದಿನ ಗಾಲಿಗೆ. ಸೈಕಲ್ ನಿಂತರೆ ದೀಪವೂ ಸತ್ತಂತೆ. ಆದ್ದರಿಂದ ತೂಬಿನ ಹತ್ತಿರ ಅಪ್ಪ ಸ್ಟ್ಯಾಂಡ್ ಹಾಕುತ್ತಿದ್ದರು, ಮೇಲೆದ್ದ ಗಾಲಿಯನ್ನು ನಾನು ಕೈಯಿಂದ ಪೆಡಲ್ ತಿರುಗಿಸಿ ಓಡಿಸುತ್ತಿದ್ದೆ. ಆ ಹಳದಿ ಬೆಳಕಿನಲ್ಲಿ ಅವರು ನೀರು ತಿರುಗಿಸಲು ಮಡೆ ಕಟ್ಟುತ್ತಿದ್ದರು. ಕೈ ಸೋತರೆ ಕತ್ತಲಿನಿಂದ ಬೈಗುಳ ಬರುತ್ತಿತ್ತು.

ಈ ಬೇಸಿಗೆಯಲ್ಲಿ ಆ ಸೈಕಲ್ಲನ್ನು ಅಟ್ಟದಿಂದ ಇಳಿಸಿ ರಾಯಚೂರಿನ ಒಂದು ಅಂಗಡಿಯಲ್ಲಿ ಪೌಡರ್ ಕೋಟಿಂಗ್ ಮಾಡಿಸಿದೆ. ಬಣ್ಣ ಚೆನ್ನಾಗಿ ಬಂತು, ದೀಪ ಮಾತ್ರ ಹತ್ತಲಿಲ್ಲ. ಎರಡು ಸಂಜೆ ಬಲ್ಬು ಬದಲಿಸಿದೆ, ತಂತಿ ಬದಲಿಸಿದೆ. ಕೊನೆಗೆ ತೀನ್ ಕಂದೀಲ್ ಬಳಿಯ ಮುದುಕ ಮೆಕ್ಯಾನಿಕ್ ಒಬ್ಬರ ಮುಂದೆ ನಿಲ್ಲಿಸಿದೆ. (ಮೂರು ಕಂದೀಲಿನ ಹೆಸರು ಹೊತ್ತ ಜಾಗದಲ್ಲಿ ದೀಪ ರಿಪೇರಿ, ನೋಡಿ!) ಚಾಚಾ ಒಂದೇ ಪ್ರಶ್ನೆ ಕೇಳಿದರು: "ಡೈನಮೋದಿಂದ ಬಲ್ಬಿಗೆ ಒಂದು ತಂತಿ ಹೋಗಿದೆ ಸರ್. ವಾಪಸ್ ಬರುವ ತಂತಿ ಎಲ್ಲಿ?"

ಇಲ್ಲ. ಆ ಕಾಲದ ಸೈಕಲ್ಲಿನಲ್ಲಿ ಚೌಕಟ್ಟೇ ವಾಪಸ್ ಬರುವ ತಂತಿ. ಡೈನಮೋ ಕ್ಲಾಂಪಿನಲ್ಲಿ ಚೂಪು ಮೂತಿಯ ಒಂದು ಸ್ಕ್ರೂ ಇರುತ್ತದೆ, ಬಣ್ಣ ಸೀಳಿ ಕಬ್ಬಿಣ ಕಚ್ಚುವುದಷ್ಟೇ ಅದರ ಕೆಲಸ. ನನ್ನ ದಪ್ಪ ಹೊಸ ಬಣ್ಣ ಅದಕ್ಕೆ ಹಲ್ಲು ಊರಲು ಬಿಟ್ಟಿರಲಿಲ್ಲ. ಚಾಚಾ ಪಾಲಿಶ್ ಪೇಪರಿನಿಂದ ಜೋಳದ ಕಾಳಿನಷ್ಟು ಜಾಗ ಕೆರೆದು ಸ್ಕ್ರೂ ಬಿಗಿದು ಪೆಡಲ್ ತಿರುಗಿಸಿದರು. ಬೆಳಕು ಬಂತು. ಮನೆಗೆ ಬಂದವನು ಇನ್ನೊಂದು ತಂತಿಯನ್ನೂ ಎಳೆದುಬಿಟ್ಟೆ. ಚೌಕಟ್ಟಿನ ತುಕ್ಕನ್ನು ನಂಬಿ ಕೂರುವುದಕ್ಕಿಂತ ಅದೇ ಮೇಲು.

ಡೈನಮೋದ ನಡುಗೆರೆ ಗಾಲಿಯ ಅಚ್ಚಿನ ಕಡೆಗೇ ನೋಡುತ್ತಿರಬೇಕು. ಓರೆಯಾದರೆ ಟೈರು ಸವೆಯುತ್ತದೆ, ಪೆಡಲ್ ಭಾರವಾಗುತ್ತದೆ. ಬೇರಿಂಗಿಗೆ ನಾಲ್ಕು ಹನಿ ಎಣ್ಣೆ ಸಾಕು. ಒಳಗಿನ ಅಯಸ್ಕಾಂತವನ್ನು ಮಾತ್ರ ಎಳೆದು ತೆಗೆಯಬೇಡಿ. ಆಲ್ನಿಕೊ ಎಂಬ ಮಿಶ್ರಲೋಹದ ಹಳೆಯ ಅಯಸ್ಕಾಂತ ತನ್ನ ಕಬ್ಬಿಣದ ಮನೆಯಿಂದ ಹೊರಬಂದರೆ ಶಕ್ತಿ ಕಳೆದುಕೊಳ್ಳುತ್ತದೆ.

ಇನ್ನು ನನ್ನ ನಿಜವಾದ ಜಗಳ. ಈ ಡೈನಮೋಗಳು 6 ವೋಲ್ಟ್, 3 ವ್ಯಾಟ್. ಅದರಲ್ಲಿ ಮುಂದಿನ ಬಲ್ಬಿಗೆ 2.4 ವ್ಯಾಟ್, ಹಿಂದಿನದಕ್ಕೆ 0.6. ಹಿಂದಿನ ಬಲ್ಬು ಸುಟ್ಟರೆ ಅದರ ಪಾಲೂ ಮುಂದಿನದಕ್ಕೇ ನುಗ್ಗುತ್ತದೆ, ವೇಗ ಹೆಚ್ಚಿದಾಗ ಅದೂ ಸುಡುತ್ತದೆ. ನಮ್ಮೂರಿನಲ್ಲಿ ಇದಕ್ಕೆ ಕಂಡುಕೊಂಡ ಮದ್ದೆಂದರೆ ಹಿಂದಿನ ತಂತಿಯನ್ನೇ ಕತ್ತರಿಸಿ, ಮುಂದೆ 3 ವ್ಯಾಟಿನ ಒಂದೇ ಬಲ್ಬು ಹಾಕುವುದು. ಅಪ್ಪನ ಸೈಕಲ್ಲಿನಲ್ಲೂ ಹಾಗೆಯೇ ಆಗಿತ್ತು. ಭತ್ತದ ಸುಗ್ಗಿಯಲ್ಲಿ ಸಿಂಧನೂರು ರಸ್ತೆಯ ಲಾರಿಗಳನ್ನು ಕಂಡವರಿಗೆ ಗೊತ್ತು, ಗುಂಡಿ ನಮಗೆ ಕಾಣುವುದಕ್ಕಿಂತ ನಾವು ಲಾರಿಯವನಿಗೆ ಕಾಣುವುದು ದೊಡ್ಡದು.

ಹಾಗಾಗಿ ಡೈನಮೋ ಹಳೆಯದನ್ನೇ ಉಳಿಸಿ ಬಲ್ಬುಗಳನ್ನು ಎಲ್‌ಇಡಿಗೆ ಬದಲಿಸಿದೆ. ಡೈನಮೋದಿಂದ ಬರುವುದು ಎಸಿ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ನಾಲ್ಕು ಡಯೋಡುಗಳ ಸೇತುವೆ ಅದನ್ನು ಡಿಸಿ ಮಾಡುತ್ತದೆ. ಎಷ್ಟೇ ಜೋರಾಗಿ ತುಳಿದರೂ ಕರೆಂಟು ಅರ್ಧ ಆಂಪಿಯರಿನ ಆಸುಪಾಸಿನಲ್ಲೇ ನಿಲ್ಲುತ್ತದೆ, ಏಕೆಂದರೆ ವೇಗ ಏರಿದಂತೆ ಸುರುಳಿಯ ಅಡ್ಡಿಯೂ ಏರುತ್ತದೆ. ಎಲ್‌ಇಡಿಗೆ ಬೇಕಾದದ್ದೂ ಇಂಥ ಕರೆಂಟೇ. ಹಿಂದಿನ ಕೆಂಪು ದೀಪಕ್ಕೆ 1 ಫ್ಯಾರಡ್, 5.5 ವೋಲ್ಟಿನ, ಕರೆಂಟನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಜೋಡಿಸಿದೆ. ಸೈಕಲ್ ನಿಂತರೂ ಅದು ಐದಾರು ನಿಮಿಷ ಉರಿಯುತ್ತದೆ. ಕೆಪಾಸಿಟರಿಗೆ ಅಡ್ಡಲಾಗಿ, ವೋಲ್ಟೇಜ್ ಮಿತಿ ಮೀರದಂತೆ ತಡೆಯುವ ಝೀನರ್ ಡಯೋಡ್ ಹಾಕದಿದ್ದರೆ ಇಳಿಜಾರಿನಲ್ಲಿ ವೋಲ್ಟೇಜ್ ಏರಿ ಅದು ಕೆಡುತ್ತದೆ. ಒಂದನ್ನು ಕೆಡಿಸಿಯೇ ಈ ಮಾತು ಹೇಳುತ್ತಿದ್ದೇನೆ. ಮುಂದಿನ ದೀಪಕ್ಕೆ ಹಳೆಯ ಹೋಲ್ಡರಿನಲ್ಲಿ ಕೂರುವ ಅಗ್ಗದ ಎಲ್‌ಇಡಿ ಬಲ್ಬು ಬೇಡ. ದೀಪದೊಳಗಿನ ಹೊಳಪಿನ ಬಟ್ಟಲು ರೂಪುಗೊಂಡದ್ದು ಹಳೆಯ ಬಲ್ಬಿನೊಳಗಿನ ಸಣ್ಣ ತಂತಿಯ ಬೆಳಕಿಗೆ, ಇದು ಮರದ ಕೊಂಬೆಗೆಲ್ಲ ಬೆಳಕು ಚೆಲ್ಲುತ್ತದೆ. ಹಳೆಯ ಗಾಜಿನ ಹಿಂದೆ ಲೆನ್ಸ್ ಇರುವ ಎಲ್‌ಇಡಿ ಕೂರಿಸಿದ್ದೇನೆ. ಬಟ್ಟಲು ಡಬ್ಬಿಯಲ್ಲಿ ಭದ್ರವಾಗಿದೆ.

"ಒರಿಜಿನಲ್ ಕೆಡಿಸಿದಿರಿ" ಎಂದು ಒಬ್ಬರು ಮುಖ ಸಿಂಡರಿಸಿದರು. ಬಲ್ಬು ಸುಟ್ಟ ದಿನ ಅಪ್ಪ ಕೈಗೆ ಸಿಕ್ಕ ಟಾರ್ಚಿನ ಬಲ್ಬು ಹಾಕಿ ಹೊರಡುತ್ತಿದ್ದವರು. ಎಲ್ಲೂ ತೂತು ಕೊರೆದಿಲ್ಲ, ಬೇಕೆಂದರೆ ಅರ್ಧ ಗಂಟೆಯಲ್ಲಿ ಮೊದಲಿನಂತೆ ಮಾಡಬಹುದು. ಚಾರ್ಜ್ ಮಾಡುವ ದೀಪ ಸಾಕಲ್ಲವೇ ಎಂದವರೂ ಇದ್ದಾರೆ. ಪೇಟೆಯೊಳಗೆ ಸಾಕು. ನಾನು ಚಾರ್ಜ್ ಮಾಡಲು ಮರೆಯುವ ಜಾತಿ. ಜರ್ಮನಿಯಂಥ ದೇಶದಲ್ಲಿ 2013ರವರೆಗೆ ಸಾಮಾನ್ಯ ಸೈಕಲ್ಲಿಗೆ ಡೈನಮೋ ಕಡ್ಡಾಯವಾಗಿತ್ತು, ಆದ್ದರಿಂದ ಅದನ್ನು ಗುಜರಿ ಎನ್ನುವ ಮೊದಲು ಸ್ವಲ್ಪ ತಡೆಯಿರಿ.

ಕಳೆದ ವಾರ ಊರಿಗೆ ಒಯ್ದು, ಕತ್ತಲಾದ ಮೇಲೆ ಒಂದು ಸುತ್ತು ಹೊಡೆದು ಅಂಗಳದಲ್ಲಿ ನಿಲ್ಲಿಸಿದೆ. ಕಟ್ಟೆಯ ಮೇಲಿದ್ದ ಅಪ್ಪ ಎದ್ದು ಬಂದು ಕೆಂಪು ದೀಪದ ಮುಂದೆ ಬಗ್ಗಿ ನೋಡಿದರು. ಗಾಲಿ ಮುಟ್ಟಿದರು, ತಿರುಗುತ್ತಿರಲಿಲ್ಲ. ದೀಪಕ್ಕೆ ಅಂಗೈ ಅಡ್ಡ ಹಿಡಿದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಇದನ್ನು ಆರಿಸುವುದು ಹೇಗೋ?"

ಸ್ವಿಚ್ ಇಡುವುದನ್ನು ನಾನು ಮರೆತಿದ್ದೆ.